ಅದೇ ಮಾತ್ರೆ, ಬೇರೆ ಉತ್ತರ: ಓಪಿಡಿ ಗದ್ದಲದ ನಡುವೆ ಪೇಪರ್ ಓದುವುದು

ಓಪಿಡಿಯಲ್ಲಿ ಸಾಲು ಕರಗುವುದಿಲ್ಲ, ಮೇಲೆ ರಾತ್ರಿ ಡ್ಯೂಟಿ ಬೇರೆ. ಇದರ ನಡುವೆ ಸಂಶೋಧನೆ ನೋಡಿಕೊಂಡು ಚಿಕಿತ್ಸೆ ಕೊಡಿ ಅಂದರೆ ಯಾರಿಗೆ ಪುರುಸೊತ್ತು, ಅಲ್ವಾ? ನನಗೂ ಹಾಗೇ ಅನ್ನಿಸುತ್ತಿತ್ತು. ಒಂದೇ ಒಂದು ಸಂಶೋಧನಾ ಪೇಪರನ್ನು ಕೂತು ಪೂರ್ತಿ ಬಿಡಿಸಿ ನೋಡಿದ ಮೇಲೆ ದಾರಿ ತಿಳಿಯಿತು. ಆ ಪೇಪರ್ ನಮ್ಮ ಬೆಳಗಾವಿಯದು, ಹೆರಿಗೆಯಾದ ಮೇಲೆ ರಕ್ತ ಜಾಸ್ತಿ ಹೋಗದಂತೆ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆಯ ಬಗ್ಗೆ. ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಪ್ರಶ್ನೆ. "ಮಿಸೊಪ್ರೊಸ್ಟಾಲ್ ಒಳ್ಳೆಯದಾ?" ಅಂತ ವೈದ್ಯಕೀಯ ಪೇಪರ್‌ಗಳ ವೆಬ್‌ಸೈಟ್ ಪಬ್‌ಮೆಡ್‌ನಲ್ಲಿ ಹುಡುಕಿದರೆ ಪೇಪರ್‌ಗಳ ರಾಶಿಯೇ ಬೀಳುತ್ತದೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ಪ್ರಶ್ನೆಯಲ್ಲಿ ನಾಲ್ಕು ಇರಬೇಕು: ಯಾವ ರೋಗಿ, ಏನು ಕೊಡುತ್ತೇವೆ, ಯಾವುದರ ಬದಲಿಗೆ, ಏನಾಗಬೇಕು. ಪಿಕೊ ಅಂತ ಕ್ಲಾಸಲ್ಲಿ ಬರೆಸುತ್ತಾರಲ್ಲ, ಅದು ಇದೇ. ಮೂರನೆಯದನ್ನು ನಾವೆಲ್ಲ ಹಾರಿಸಿಬಿಡುತ್ತೇವೆ. ಎಡವುವುದೂ ಅಲ್ಲೇ.

ಈಗ ಪೇಪರ್. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾದ 1620 ತಾಯಂದಿರು. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು, ಡಾಕ್ಟರ್‌ಗಳಲ್ಲ. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ನುಂಗಿಸಿದರು, ಉಳಿದವರಿಗೆ ನೋಡಲು ಅದೇ ಥರದ, ಔಷಧ ಇಲ್ಲದ ಮಾತ್ರೆ. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಲಿಲ್ಲ. ತಾಯಿಯ ಕೆಳಗೆ ಅಳತೆ ಗೆರೆ ಇರುವ ಚೀಲದ ಹಾಳೆ ಹಾಸಿ ಅಳೆದರು. ಇದು ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಕಣ್ಣಂದಾಜಿನಲ್ಲಿ ರಕ್ತಸ್ರಾವ ಸಾಮಾನ್ಯವಾಗಿ ಕಡಿಮೆಯೇ ಲೆಕ್ಕಕ್ಕೆ ಸಿಗುತ್ತದೆ.

500 ಎಂಎಲ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದವರು ಔಷಧವಿಲ್ಲದ ಗುಂಪಿನಲ್ಲಿ 100ಕ್ಕೆ 12, ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ 100ಕ್ಕೆ 6.4. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ನೀವು ಮಾತ್ರ ಕಳೆಯಿರಿ. 12ರಲ್ಲಿ 6.4 ಹೋದರೆ 5.6. 100ನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಎನ್‌ಎನ್‌ಟಿ ಅನ್ನುವುದು ಇಷ್ಟೇ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಆದರೆ ಈ 18 ನಿಮ್ಮೂರಿಗೆ ಹಾಗೇ ಬರುವುದಿಲ್ಲ. ನಿಮ್ಮಲ್ಲಿ 100ಕ್ಕೆ 4 ಜನರಿಗೆ ಮಾತ್ರ ರಕ್ತಸ್ರಾವ ಆಗುತ್ತದೆ ಅಂದುಕೊಳ್ಳಿ, ಅದರಲ್ಲಿ ಅರ್ಧ ತಪ್ಪಿದರೆ 100ಕ್ಕೆ 2 ಜನರದ್ದು ಮಾತ್ರ ತಪ್ಪಿದ ಹಾಗೆ, ಎನ್‌ಎನ್‌ಟಿ 50 ಆಗುತ್ತದೆ. ಔಷಧ ಅದೇ, ಲೆಕ್ಕ ಬೇರೆ.

ತೊಂದರೆ ಕಡೆಯೂ ನೋಡಬೇಕು. ಹಲವರಿಗೆ ಚಳಿ ನಡುಕ, ಕೆಲವರಿಗೆ ಜ್ವರ ಬಂದು ಹೋಗುತ್ತದೆ. ಇದನ್ನು ತಾಯಿಗೂ ಅವರ ಅತ್ತೆಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಧ್ಯರಾತ್ರಿ ಗಾಬರಿಯಾಗುತ್ತಾರೆ.

ಇನ್ನು ಆ ಮೂರನೇ ಪ್ರಶ್ನೆ, ಯಾವುದರ ಬದಲಿಗೆ? ಬೆಳಗಾವಿ ಹಳ್ಳಿಯಲ್ಲಿ ಹೋಲಿಕೆ ಔಷಧ ಇಲ್ಲದ ಮಾತ್ರೆ ಜೊತೆ. ವಿಶ್ವ ಆರೋಗ್ಯ ಸಂಸ್ಥೆ 9 ದೇಶಗಳ ಆಸ್ಪತ್ರೆಗಳಲ್ಲಿ 18,000ಕ್ಕೂ ಜಾಸ್ತಿ ತಾಯಂದಿರಲ್ಲಿ ಮಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ 600 ಮೈಕ್ರೋಗ್ರಾಂ ಮಾತ್ರೆಯನ್ನು ಇದೇ ಕೆಲಸಕ್ಕೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಜೊತೆ ಹೋಲಿಸಿದರು. ಒಂದು ಲೀಟರ್ ಅಥವಾ ಹೆಚ್ಚು ರಕ್ತ ಹೋದವರು ಮಾತ್ರೆ ಗುಂಪಿನಲ್ಲಿ 100ಕ್ಕೆ 4, ಇಂಜೆಕ್ಷನ್ ಗುಂಪಿನಲ್ಲಿ 3. ಇಲ್ಲಿ ಮಾತ್ರೆ ಸೋತಿತು. ಎರಡು ಪೇಪರ್ ಜಗಳವಾಡುತ್ತಿಲ್ಲ, ಎರಡೂ ಸರಿ. ಇಂಜೆಕ್ಷನ್ ಇರುವ ಕಡೆ ಇಂಜೆಕ್ಷನ್ ಕೊಡಿ, ಏನೂ ಇಲ್ಲದ ಕಡೆ ಮಾತ್ರೆ ಜೀವ ಉಳಿಸಬಹುದು. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹಾಗಾಗಿ ನಿಮ್ಮ ಪಿಎಚ್‌ಸಿಯಲ್ಲಿ ಕೇಳಬೇಕಾದ್ದು ಪೇಪರಿನಲ್ಲಿ ಸಿಗುವುದಿಲ್ಲ: ಕರೆಂಟ್ ಹೋದಾಗ ಫ್ರಿಜ್ ಏನಾಗುತ್ತದೆ, ರಾತ್ರಿ ಎರಡು ಗಂಟೆಗೆ ಇಂಜೆಕ್ಷನ್ ಕೊಡಲು ಯಾರಿದ್ದಾರೆ?

ಸಮಯದ ವಿಷಯ. ಎಲ್ಲ ಓದಲು ಹೋಗಬೇಡಿ, ಸುಮ್ನೆ ಸುಸ್ತಾಗುತ್ತೀರಿ. ಏಪ್ರನ್ ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಳ್ಳಿ, ರೋಗಿ ಎದುರಿಗೆ ಬಂದ ಅನುಮಾನವನ್ನು ಆಗಲೇ ಒಂದು ಸಾಲು ಗೀಚಿ. ವಾರಕ್ಕೆ ಒಂದನ್ನು ಬಿಡಿಸಿದರೂ ವರ್ಷಕ್ಕೆ 50 ಆಯಿತು. ಹುಡುಕುವಾಗ ಮೊದಲು ಕಾಕ್ರೇನ್‌ನಂಥ ಕಡೆ ಹಲವು ಅಧ್ಯಯನ ಒಟ್ಟುಮಾಡಿದ ವರದಿ ಇದೆಯಾ ನೋಡಿ, ಆಮೇಲೆ ಬಿಡಿ ಪೇಪರ್. ಸಾರಾಂಶದ ಕೊನೆ ಸಾಲಿಗೆ ಮೊದಲು ಹೋಗಬೇಡಿ. ಯಾರ ಮೇಲೆ, ಎಲ್ಲಿ ಮಾಡಿದ್ದು ಅಂತ ಮೊದಲ ಟೇಬಲ್ ನೋಡಿ, ನಿಮ್ಮ ರೋಗಿ ಅಲ್ಲಿ ಕಾಣುತ್ತಾರಾ ಅಂತ.

ಈ ವಾರ ನನ್ನ ಪುಸ್ತಕದಲ್ಲಿರುವುದು ಭೇದಿಯಾದ ಮಗುವಿಗೆ ಜಿಂಕ್. 10ರಿಂದ 14 ದಿನ ಅಂತ ಬರೆದುಕೊಡುತ್ತೇವೆ, ಭೇದಿ ನಿಂತ ಮೂರನೇ ದಿನಕ್ಕೇ ತಾಯಂದಿರು ನಿಲ್ಲಿಸುತ್ತಾರೆ. ಕಡಿಮೆ ದಿನ ಕೊಟ್ಟರೆ ಏನಾಗುತ್ತದೆ? "ಯಾವುದರ ಬದಲಿಗೆ" ಜಾಗದಲ್ಲಿ ಪೂರ್ತಿ 14 ದಿನ ಅಂತ ಬರೆದಿದ್ದೇನೆ. ಭಾನುವಾರ ಕೂರುತ್ತೇನೆ, ಜೊತೆಗೆ ಹುಡುಕುವವರಿದ್ದರೆ ಬನ್ನಿ.