ಗುಬ್ಬಿ ಕಂಪನಿಯ ಬಾಲನಟರು ನಿರ್ದೇಶಕರಾದ ಬಗೆ

1975ರ ‘ಚೋಮನ ದುಡಿ’, 1983ರ ‘ಆದಿ ಶಂಕರಾಚಾರ್ಯ’, 1992ರ ‘ಭಗವದ್ಗೀತಾ’. ಈ ಮೂರೂ ಆಯಾ ವರ್ಷದ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದವು. ಮೊದಲನೆಯದರ ನಿರ್ದೇಶಕ ಬಿ.ವಿ. ಕಾರಂತ, ಉಳಿದೆರಡರದು ಜಿ.ವಿ. ಅಯ್ಯರ್. ಒಬ್ಬರು ಬಂಟ್ವಾಳದ ಮಂಚಿಯವರು, ಇನ್ನೊಬ್ಬರು ನಂಜನಗೂಡಿನವರು. ಆದರೆ ಇಬ್ಬರೂ ಹುಡುಗರಾಗಿದ್ದಾಗ ಬಣ್ಣ ಹಚ್ಚಿದ್ದು ತುಮಕೂರು ಜಿಲ್ಲೆಯ ಗುಬ್ಬಿಯ ಹೆಸರು ಹೊತ್ತ ಒಂದೇ ನಾಟಕ ಕಂಪನಿಯಲ್ಲಿ. ಗುಬ್ಬಿ ವೀರಣ್ಣನವರನ್ನು ದೊಡ್ಡ ನಟ, ದೊಡ್ಡ ಮಾಲೀಕ ಎಂದು ನಮ್ಮ ಜಿಲ್ಲೆ ಅಭಿಮಾನದಿಂದಲೇ ನೆನೆಯುತ್ತದೆ. ಅವರ ಕಂಪನಿ ನಿರ್ದೇಶಕರನ್ನು ತಯಾರು ಮಾಡಿದ ಶಾಲೆಯೂ ಆಗಿತ್ತು ಎಂಬುದನ್ನು ಹೇಳುವವರು ಕಡಿಮೆ.

ಕಂಪನಿ ಶುರುವಾದದ್ದು 1884ರಲ್ಲಿ. ಬಾಲನಟನಾಗಿ ಸೇರಿದ ವೀರಣ್ಣ 1917ರ ಹೊತ್ತಿಗೆ ಅದರ ಒಡೆಯರಾದರು. ಮಾಲೀಕರಾದ ಮೇಲೂ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಉಳಿಯಲಿಲ್ಲ. ‘ಸದಾರಮೆ’ಯ ಕಳ್ಳನಾಗಿ ಅವರು ರಂಗಕ್ಕೆ ಬಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ‘ಕುರುಕ್ಷೇತ್ರ’ಕ್ಕೆ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾಕ್ಕೂ ಕೈಹಾಕಿದರು. 1935ರಲ್ಲಿ ‘ಸದಾರಮೆ’ ಟಾಕಿಯೂ ಆಯಿತು.

ಇಂಥ ಕಡೆ ಬೆಳೆದ ಹುಡುಗ ಏನು ಕಲಿಯುತ್ತಿದ್ದ? ಇಂದಿನ ಅರ್ಥದ ನಿರ್ದೇಶಕ ಎಂಬ ಹುದ್ದೆ ಕಂಪನಿ ನಾಟಕದಲ್ಲಿ ಇರಲಿಲ್ಲ. ಮಾತು ಕಲಿಸಲು ನಾಟಕದ ಮೇಷ್ಟ್ರು, ಹಾಡಿಗೆ ಹಾರ್ಮೋನಿಯಂ ಮೇಷ್ಟ್ರು, ಪರದೆಗೆ ಪೇಂಟರು. ಸಣ್ಣ ಪಾತ್ರ ಮುಗಿಸಿದ ಹುಡುಗ ಸೈಡ್‌ವಿಂಗ್‌ನಲ್ಲಿ ನಿಂತರೆ ಇಡೀ ನಾಟಕ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು. ಯಾವ ಮಾತಿಗೆ ಜನ ‘ಒನ್ಸ್ ಮೋರ್’ ಎನ್ನುತ್ತಾರೆ, ಯಾವ ಹಾಡಿಗೆ ಎದ್ದು ಬೀಡಿ ಸೇದಲು ಹೋಗುತ್ತಾರೆ, ಟ್ರಾನ್ಸ್‌ಫರ್ ಸೀನಿನಲ್ಲಿ ದೀಪ ಆರಿ ಹೊತ್ತುವುದರೊಳಗೆ ಕಾಡು ಹೇಗೆ ಅರಮನೆಯಾಗುತ್ತದೆ, ಎಲ್ಲವೂ. ಒಂದು ದೃಶ್ಯ ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ತರಗತಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

1917ರಲ್ಲಿ ಹುಟ್ಟಿದ ಅಯ್ಯರ್ ಎಂಟರ ವಯಸ್ಸಿಗೇ ಈ ಕಂಪನಿ ಸೇರಿದವರು. 1943ರ ‘ರಾಧಾರಮಣ’ದಲ್ಲಿ ಸಿನಿಮಾ ನಟರಾದರು. 1954ರಲ್ಲಿ ವೀರಣ್ಣನವರ ಕಂಪನಿ ಮದ್ರಾಸಿನ ಎವಿಎಂ ಸ್ಟುಡಿಯೊ ಜೊತೆ ಸೇರಿ ‘ಬೇಡರ ಕಣ್ಣಪ್ಪ’ ತೆಗೆದಾಗ ಅದರಲ್ಲೂ ಇದ್ದರು. ರಾಜ್‌ಕುಮಾರ್ ನಾಯಕರಾದ ಚಿತ್ರವದು. ನಮ್ಮ ತಿಪಟೂರಿನ ನರಸಿಂಹರಾಜು ಹಾಸ್ಯದಲ್ಲಿ ಹೆಸರು ಮಾಡಿದ್ದೂ ಅದರಿಂದಲೇ. ಇವರು ಮೂವರು ಮತ್ತು ಬಾಲಕೃಷ್ಣ ಮುಂದೆ ಒಟ್ಟಾಗಿ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಕೆಲಸವಿಲ್ಲದ ದಿನಗಳಲ್ಲಿ ಕಲಾವಿದರೇ ಸಂಘ ಕಟ್ಟಿಕೊಂಡು ಊರೂರಲ್ಲಿ ನಾಟಕವಾಡಿ ಸಿನಿಮಾ ಮಾಡಿದ್ದು ಕಂಪನಿಯ ಹಳೆಯ ರೂಢಿಯೇ.

ಅಯ್ಯರ್ ನಿರ್ದೇಶನಕ್ಕೆ ಇಳಿದದ್ದು ಆಮೇಲೆ. 1962ರ ‘ಭೂದಾನ’, ‘ತಾಯಿ ಕರುಳು’, ಮುಂದೆ ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’, ‘ಮೈಸೂರು ಟಾಂಗಾ’. ಅವರ ಬಗ್ಗೆ ಬರೆಯುವವರು ಈ ದಶಕವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಸರಿಯಲ್ಲ. ಕಂಪನಿಯಲ್ಲಿ ಕಲಿತ ಲೆಕ್ಕವನ್ನು ಕ್ಯಾಮೆರಾಕ್ಕೆ ಹೊಂದಿಸಿಕೊಂಡದ್ದು ಆ ಹತ್ತು ವರ್ಷದಲ್ಲೇ. 1971ರಲ್ಲಿ ‘ವಂಶವೃಕ್ಷ’ ನಿರ್ಮಿಸಿ, ಗಿರೀಶ ಕಾರ್ನಾಡ ಮತ್ತು ಕಾರಂತರಿಗೆ ನಿರ್ದೇಶನ ಬಿಟ್ಟುಕೊಟ್ಟರು. 1975ರಲ್ಲಿ ‘ಹಂಸಗೀತೆ’ ಬಂತು. ಗಾಂಧೀಜಿ ಹತ್ಯೆಯ ಬಳಿಕ ಚಪ್ಪಲಿ ಬಿಟ್ಟಿದ್ದ ಅವರಿಗೆ ‘ಬರಿಗಾಲ ನಿರ್ದೇಶಕ’ ಎಂಬ ಹೆಸರೂ ನಿಂತಿತು.

‘ಆದಿ ಶಂಕರಾಚಾರ್ಯ’ ಸಂಸ್ಕೃತದ ಮೊದಲ ಚಲನಚಿತ್ರ. ಅದರಲ್ಲಿ ಮೃತ್ಯು ಮತ್ತು ಪ್ರಜ್ಞಾನ ಮನುಷ್ಯ ರೂಪದಲ್ಲಿ, ಗೆಳೆಯರ ಹಾಗೆ ಶಂಕರರ ಜೊತೆ ಹೆಜ್ಜೆ ಹಾಕುತ್ತಾರೆ. ವಿಮರ್ಶಕರು ಇದನ್ನು ವೇದಾಂತದ ಸಂಕೇತವೆಂದು ವಿವರಿಸಬಹುದು. ನನಗೆ ಕಾಣುವುದು ನಾಟಕ ಕಂಪನಿಯ ಜಾಣ್ಮೆ. ಕಲಿ, ಶನಿ, ವಿಧಿಗಳಿಗೆಲ್ಲ ವೇಷ ಕಟ್ಟಿಸಿ, ಮಾತಾಡಿಸಿ, ಅಕ್ಷರ ಬಾರದವರಿಗೂ ತಿಳಿಯುವಂತೆ ಮಾಡಿದ ರಂಗದಿಂದ ಬಂದವರಿಗೆ ಮಾತ್ರ ಇಷ್ಟು ಸಲೀಸಾಗಿ ಸಾವಿಗೊಂದು ಪಾತ್ರ ಕೊಡಲು ಸಾಧ್ಯ.

ಕಾರಂತರದು ಬೇರೆ ದಾರಿ. ಹಿಂದಿ ಎಂ.ಎ. ಓದಲು ಅವರನ್ನು ಬನಾರಸಿಗೆ ಕಳಿಸಿದವರು ವೀರಣ್ಣನವರೇ. ಅಲ್ಲಿಂದ ರಾಷ್ಟ್ರೀಯ ನಾಟಕ ಶಾಲೆ, ಮುಂದೆ ಅದರದೇ ನಿರ್ದೇಶಕ ಸ್ಥಾನ, ಆಮೇಲೆ ಮೈಸೂರಿನ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣ. ಹವ್ಯಾಸಿ ರಂಗಭೂಮಿ ಕಂಪನಿ ನಾಟಕವನ್ನು ಹಳತೆಂದು ಬದಿಗಿಟ್ಟ ಕಾಲದಲ್ಲೂ ಕಾರಂತರು ಅದರ ಸಂಗೀತವನ್ನು ಬಿಡಲಿಲ್ಲ. ಅವರ ನಾಟಕಗಳಲ್ಲಿ ಹಾಡು ಕಥೆಯನ್ನು ನಿಲ್ಲಿಸುವುದಿಲ್ಲ, ಮುಂದಕ್ಕೆ ಒಯ್ಯುತ್ತದೆ.

ಪದ್ಮಶ್ರೀ ಬಂದ 1972ರಲ್ಲೇ ವೀರಣ್ಣ ತೀರಿಕೊಂಡರು. ಈ ಇಬ್ಬರ ಸ್ವರ್ಣಕಮಲಗಳನ್ನು ಅವರು ನೋಡಲಿಲ್ಲ. ಮನೆತನದಲ್ಲಿ ಆ ಕಸುಬು ಮುಂದುವರಿಯಿತು: ಅವರ ಮಗಳು ಮಾಲತಮ್ಮ ನಟಿ, ಮೊಮ್ಮಗಳು ಬಿ. ಜಯಶ್ರೀ ನಟಿಯೂ ನಿರ್ದೇಶಕಿಯೂ ಹೌದು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಅವರು ‘ಸ್ಪಂದನ’ ತಂಡಕ್ಕೆ ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ ಮಾಡಿಸಿದರು. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಈ ನಿರ್ದೇಶಕರ ಚಿತ್ರಗಳನ್ನು ಅಲ್ಲಿ ಒಂದು ವಾರ ಸಾಲಾಗಿ ತೋರಿಸಿ, ಪ್ರತಿ ಚಿತ್ರದ ಮೊದಲು ಕಂಪನಿಯ ಒಂದು ರಂಗಗೀತೆ ಹಾಡಿಸಿದರೆ, ಜಿಲ್ಲೆಯ ಕಾಲೇಜು ಹುಡುಗರಿಗೆ ಈ ನಂಟು ತಾನಾಗಿ ತಿಳಿಯುತ್ತದೆ.