ಬ್ರಿಟನ್ ಸಂಸತ್ತಿನ ಬಾಗಿಲು ತಟ್ಟಲು ಸೇನಾಧಿಕಾರಿಯೇ ಏಕೆ?

ಪ್ರಶ್ನೆ: ಬ್ರಿಟನ್ನಿನಲ್ಲಿ ಅಧಿವೇಶನ ಆರಂಭವಾಗುವ ದಿನ ಕರಿಯ ಕೋಲು ಹಿಡಿದು ಬರುವ ಅಧಿಕಾರಿಯ ಮುಖಕ್ಕೇ ಬಾಗಿಲು ಹಾಕುತ್ತಾರೆ. ಇಷ್ಟು ಕೆಲಸಕ್ಕೆ ಸೇನೆಯ ಲೆಫ್ಟಿನೆಂಟ್ ಜನರಲ್ ಆಗಿದ್ದವರು ಬೇಕೆ?

ಉತ್ತರ: ನೀವು ಟಿವಿಯಲ್ಲಿ ಕಂಡದ್ದು 'ಬ್ಲ್ಯಾಕ್ ರಾಡ್' ಎಂಬ ಹುದ್ದೆಯ ಕೆಲವೇ ನಿಮಿಷಗಳ ಕೆಲಸ. ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಶಿಸ್ತು ಕಾಯುವುದು, ಯಾರನ್ನು ಒಳಗೆ ಬಿಡಬೇಕೆಂದು ನೋಡಿಕೊಳ್ಳುವುದು, ರಾಜಮನೆತನದವರು ಪಾಲ್ಗೊಳ್ಳುವ ಸಮಾರಂಭಗಳನ್ನು ಅಚ್ಚುಕಟ್ಟಾಗಿ ನಡೆಸಿಕೊಡುವುದು ಅದೇ ಹುದ್ದೆಯ ಹೊಣೆ.

2011ರ ಫೆಬ್ರುವರಿಯಲ್ಲಿ ಈ ಹುದ್ದೆಗೆ ಬಂದ ಡೇವಿಡ್ ಲೀಕಿ ಅವರನ್ನೇ ನೋಡಿ. ರಾಯಲ್ ಟ್ಯಾಂಕ್ ರೆಜಿಮೆಂಟಿನ ಈ ಅಧಿಕಾರಿ, 2004ರ ಡಿಸೆಂಬರಿನಲ್ಲಿ ಬೋಸ್ನಿಯಾದ ಶಾಂತಿಪಾಲನೆಯ ಹೊಣೆಯನ್ನು ನ್ಯಾಟೊದಿಂದ ವಹಿಸಿಕೊಂಡ ಐರೋಪ್ಯ ಒಕ್ಕೂಟದ ಪಡೆಗೆ ಮೊದಲ ಒಂದು ವರ್ಷ ದಂಡನಾಯಕರಾಗಿದ್ದರು. 2007ರಿಂದ 2010ರವರೆಗೆ ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಸೇನಾ ಸಿಬ್ಬಂದಿಯ ಮಹಾನಿರ್ದೇಶಕರಾಗಿದ್ದರು. ಹಲವು ದೇಶಗಳ ಸೈನಿಕರನ್ನೂ ರಾಜಕಾರಣಿಗಳನ್ನೂ ಒಟ್ಟಿಗೆ ಸಂಭಾಳಿಸಿದ ಅನುಭವ ಸಂಸತ್ತು ಇರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೀಕಿ ಬಂದ ಕೆಲವೇ ತಿಂಗಳಲ್ಲಿ ಬರಾಕ್ ಒಬಾಮ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಭಾಷಣ ಮಾಡಿದರು. ಮರುವರ್ಷದ ಮಾರ್ಚ್‌ನಲ್ಲಿ ರಾಣಿ ಎಲಿಜಬೆತ್ ಪಟ್ಟವೇರಿದ 60ನೇ ವರ್ಷದ ಅಂಗವಾಗಿ ಅಲ್ಲಿಯೇ ಉಭಯ ಸದನಗಳನ್ನು ಉದ್ದೇಶಿಸಿ ಮಾತನಾಡಿದರು.

ಇನ್ನು ಆ ಬಾಗಿಲಿನ ವಿಷಯ. 1642ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆ ಐವರು ಸದಸ್ಯರನ್ನು ಬಂಧಿಸಲೆಂದು ಸೈನಿಕರೊಡನೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ನುಗ್ಗಿದ್ದ. ದೊರೆಯ ಅಪ್ಪಣೆಗೆ ತಾವು ಅಧೀನರಲ್ಲವೆಂದು ತೋರಿಸಲು ಸದಸ್ಯರು ಇಂದಿಗೂ ದೊರೆಯ ದೂತನಾಗಿ ಬರುವ ಬ್ಲ್ಯಾಕ್ ರಾಡ್ ಎದುರು ಬಾಗಿಲು ಹಾಕಿಸುತ್ತಾರೆ. ಕರಿಮರದ ಕೋಲಿನಿಂದ ಮೂರು ಬಾರಿ ತಟ್ಟಿದ ಮೇಲೆಯೇ ಅದು ತೆರೆಯುತ್ತದೆ. ತಟ್ಟಿ ತಟ್ಟಿ ಬಾಗಿಲ ಮರದಲ್ಲಿ ಗುಳಿಯೇ ಬಿದ್ದಿದೆ. ಪಡೆಯನ್ನು ನಡೆಸಿದ ಜನರಲ್ ಒಬ್ಬರು ಚುನಾಯಿತ ಸದನದ ಹೊಸ್ತಿಲಲ್ಲಿ ಹಾಗೆ ಕಾದು ನಿಲ್ಲುವುದನ್ನು ನಾನು ಬರಿಯ ವೈಭವವೆಂದು ಭಾವಿಸುವುದಿಲ್ಲ. ಸೇನೆಯೂ ಸಿಂಹಾಸನವೂ ಜನಪ್ರತಿನಿಧಿಗಳ ಅನುಮತಿಗೆ ಕಾಯಬೇಕೆಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಈ ವೈಭವಕ್ಕೆ ಎಷ್ಟು ತಾಲೀಮು ಬೇಕೆಂಬುದು 2017ರಲ್ಲಿ ಗೊತ್ತಾಯಿತು. ದಿಢೀರ್ ಚುನಾವಣೆ ನಡೆದು, ಸೇನಾ ಕವಾಯತಿನ ದಿನವೂ ಹತ್ತಿರ ಬಂದು ಪೂರ್ವಾಭ್ಯಾಸಕ್ಕೆ ಸಮಯ ಸಾಲದ್ದರಿಂದ ಆ ಜೂನ್‌ನಲ್ಲಿ ರಾಣಿ ಕಿರೀಟ, ರಾಜಪೋಷಾಕುಗಳಿಲ್ಲದೆಯೇ ಅಧಿವೇಶನವನ್ನು ಉದ್ಘಾಟಿಸಿದರು. ಲೀಕಿ ಅವರ ಅವಧಿಯ ಕೊನೆಯ ಉದ್ಘಾಟನೆ ಅದು.

ಆದರೆ ಸೇನಾಧಿಕಾರಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. 2018ರಲ್ಲಿ ಲೀಕಿ ಅವರ ಜಾಗಕ್ಕೆ ಬಂದ ಸಾರಾ ಕ್ಲಾರ್ಕ್ ಈ ಹುದ್ದೆಯ ಮೊದಲ ಮಹಿಳೆ. ಅವರು ಅದಕ್ಕೆ ಮೊದಲು ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯನ್ನು ನಡೆಸುತ್ತಿದ್ದವರು.