ರಿಂಗಿನೊಳಗಿನ ಬಣ್ಣದ ವೇಷ

2006ರ ಏಪ್ರಿಲ್. ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಹುಡುಗರು ಟಿ.ವಿ.ಯಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ನೋಡುತ್ತಾ ಕುಳಿತಿದ್ದೆವು. ಅಂಡರ್‌ಟೇಕರ್‌ನ ಪಂದ್ಯದ ನಡುವೆ ಏಳಡಿ ಮೀರಿದ ಮನುಷ್ಯನೊಬ್ಬ ನಡೆದು ಬಂದು ಅವನನ್ನು ಹೊಡೆದು ಕೆಡವಿದ. ಅಮೆರಿಕದ ಆ ಸಭಾಂಗಣ ಕಂಗಾಲಾಯಿತು, ಆಮೇಲೆ ಬೈಗುಳದ ಮಳೆ ಸುರಿಸಿತು. ನಮ್ಮ ಜಗಲಿಯಲ್ಲಿ ಮಾತ್ರ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಬಂದವನು ದಿ ಗ್ರೇಟ್ ಖಲಿ. ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸ್ ಇಲಾಖೆಯಲ್ಲಿದ್ದವನು. ಕಥೆ ಬರೆದವರು ಅವನನ್ನು ಖಳನಾಗಿ ಕಳುಹಿಸಿದ್ದರು. ನಮಗೆ ಅದು ತಿಳಿಯಲೇ ಇಲ್ಲ.

ಆ ಸಂಜೆಯ ಗೊಂದಲ ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ವೃತ್ತಿಪರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿಶ್ಚಯವಾಗಿರುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಹಾಗಿದ್ದರೆ ಅಲ್ಲಿ ಖಳನ ಕೆಲಸವೇನು? ಒಳ್ಳೆಯ ಖಳ ಯಾರು? ಹಳಿಯಾಳದ ಗರಡಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮಣ್ಣಿನ ಕುಸ್ತಿಯಲ್ಲಿ ಇಬ್ಬರು ಪೈಲ್ವಾನರಿರುತ್ತಾರೆ, ಖಳನಿರುವುದಿಲ್ಲ. ಉತ್ತರ ಸಿಗುವುದು ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯಲ್ಲಿ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತಾ ಗಂಟೆಗಟ್ಟಲೆ ಕುಳಿತಿರುವುದನ್ನು ನೋಡಿದವರಿಗೆ, ರಕ್ಕಸನಾಗುವುದು ದೇವರಾಗುವುದಕ್ಕಿಂತ ಹೆಚ್ಚು ದುಡಿಮೆ ಬೇಡುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಕುಸ್ತಿಯವರು ಖಳನಿಗೆ ಹೀಲ್ ಎನ್ನುತ್ತಾರೆ. ಹಿಮ್ಮಡಿ ಎಂಬ ಅರ್ಥದ ಆ ಪದ ಅಲ್ಲಿ ನೀಚ ಮನುಷ್ಯನಿಗೂ ಬಳಕೆಯಲ್ಲಿತ್ತು. ಒಳ್ಳೆಯವನು ಬೇಬಿಫೇಸ್. ಇದೆಲ್ಲ ನಿಜವೆಂದೇ ಜನರೆದುರು ನಟಿಸುತ್ತಾ ಬದುಕುವ ವ್ರತಕ್ಕೆ ಕೇಫೇಬ್ ಎಂದು ಹೆಸರು.

ಈ ವೇಷಕ್ಕೆ ಇಂದಿನ ರೂಪ ಕೊಟ್ಟವನು ಗಾರ್ಜಿಯಸ್ ಜಾರ್ಜ್. ನಿಜವಾದ ಹೆಸರು ಜಾರ್ಜ್ ವ್ಯಾಗ್ನರ್, ಹುಟ್ಟಿದ್ದು 1915ರಲ್ಲಿ. ಹೆಚ್ಚು ಎತ್ತರವಿಲ್ಲದ ಸಾಧಾರಣ ಕುಸ್ತಿಪಟು ಕೂದಲಿಗೆ ಹೊಂಬಣ್ಣ ಹಚ್ಚಿ ಗುಂಗುರು ಮಾಡಿಕೊಂಡ, ಝಗಝಗಿಸುವ ನಿಲುವಂಗಿ ತೊಟ್ಟ. ಮುಂದೆ ಮುಂದೆ ಸೇವಕನೊಬ್ಬ ರಿಂಗಿಗೆಲ್ಲ ಸುಗಂಧ ಸಿಂಪಡಿಸುತ್ತಾ ಬರುತ್ತಿದ್ದ. ರೆಫರಿ ತನ್ನನ್ನು ಮುಟ್ಟಬೇಕಾದರೆ ಅವನ ಕೈಗೂ ಸುಗಂಧ ಬೀಳಬೇಕು. ಕೂದಲಿಗೆ ಸಿಕ್ಕಿಸಿದ್ದ ಚಿನ್ನದ ಬಣ್ಣದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಪ್ರೇಕ್ಷಕರತ್ತ ಎಸೆಯುವುದಕ್ಕೇ ಎಷ್ಟೋ ಹೊತ್ತು. ಚಂಡೆಯ ಸದ್ದಿನ ನಡುವೆ, ರಾಳದ ಪುಡಿಯ ಬೆಂಕಿಯಲ್ಲಿ, ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವ ರಕ್ಕಸನ ಒಡ್ಡೋಲಗವನ್ನು ನೋಡಿದ ನಮ್ಮವರಿಗೆ ಇದರ ಮರ್ಮ ಥಟ್ಟನೆ ಹೊಳೆಯುತ್ತದೆ: ಬರುವುದೇ ಅರ್ಧ ಆಟ. 1947ರಲ್ಲಿ ಅವನು ಟೆಲಿವಿಷನ್‌ಗೆ ಬಂದ. ಆಗತಾನೇ ಮನೆಮನೆಗೆ ಕಾಲಿಡುತ್ತಿದ್ದ ಆ ಪೆಟ್ಟಿಗೆಗೆ ಇಂಥವನೇ ಬೇಕಾಗಿತ್ತು.

ಜಾರ್ಜ್‌ನ ಪಾಪ ಒಂದೇ, ಜಂಭ. ಅವನು ಯಾರ ದೇಶವನ್ನೂ ಬೈಯಲಿಲ್ಲ. ಇವನ ಸೊಕ್ಕು ಮುರಿಯುವುದನ್ನು ನೋಡಬೇಕೆಂದು ಜನ ದುಡ್ಡು ಕೊಟ್ಟು ಬಂದರು. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಅವನನ್ನು ಕಂಡ ಹತ್ತೊಂಬತ್ತರ ತರುಣ ಬಾಕ್ಸರ್ ಒಬ್ಬ ಈ ಗುಟ್ಟನ್ನು ಕಲಿತುಕೊಂಡು ಹೋದ. ಆಗ ಕ್ಯಾಸಿಯಸ್ ಕ್ಲೇ ಎಂಬ ಹೆಸರಿದ್ದ ಮಹಮ್ಮದ್ ಅಲಿ ತನ್ನ ಬಡಾಯಿಯ ಪಾಠ ಅಲ್ಲಿನದು ಎಂದು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಇನ್ನು ಜಾರ್ಜ್, 1959ರಲ್ಲಿ ಟೊರಾಂಟೊದಲ್ಲಿ ವಿಪ್ಪರ್ ಬಿಲ್ಲಿ ವಾಟ್ಸನ್‌ಗೆ ಸೋತು, ಪಣಕ್ಕಿಟ್ಟಿದ್ದ ಆ ಹೊಂಬಣ್ಣದ ತಲೆಯನ್ನೇ ಎಲ್ಲರೆದುರು ಬೋಳಿಸಿಕೊಂಡ. ಖಳನು ಜನರಿಗೆ ಸಲ್ಲಿಸಬೇಕಾದ ಸಾಲ ಅದು. ಅವನು ಅದನ್ನು ಪೂರ್ತಿ ತೀರಿಸಿದ.

ಜಾರ್ಜ್‌ನ ಕಾಲದಲ್ಲೇ ಹುಟ್ಟಿದ ಇನ್ನೊಂದು ಬಗೆಯ ಖಳನಿಗೆ ಇಷ್ಟು ಶ್ರಮವಿರಲಿಲ್ಲ, ಏಕೆಂದರೆ ಅವನನ್ನು ದ್ವೇಷಿಸುವ ಕೆಲಸವನ್ನು ಪತ್ರಿಕೆಗಳು ಮೊದಲೇ ಮಾಡಿ ಮುಗಿಸಿರುತ್ತಿದ್ದವು. ಮಹಾಯುದ್ಧ ಮುಗಿದ ಮೇಲೆ ಟೆಕ್ಸಾಸ್‌ನ ಜ್ಯಾಕ್ ಆಡ್ಕಿಸನ್, ಫ್ರಿಟ್ಜ್ ವಾನ್ ಎರಿಕ್ ಎಂಬ ನಾಜಿಯಾದ. ಮಿಷಿಗನ್‌ನಲ್ಲಿ ಹುಟ್ಟಿದ, ಲೆಬನಾನ್ ಮೂಲದ ಎಡ್ ಫರ್ಹಾತ್, ಎದುರಾಳಿಯ ಮುಖಕ್ಕೆ ಬೆಂಕಿಯುಂಡೆ ಎಸೆಯುವ ದಿ ಶೀಕ್ ಆದ. ಜಪಾನಿನಲ್ಲಿ ಈ ಪಾತ್ರ ನಮ್ಮವನಿಗೇ ಬಂತು: ಪಂಜಾಬಿನಲ್ಲಿ ಹುಟ್ಟಿ ಕೆನಡಾ ಸೇರಿದ ಟೈಗರ್ ಜೀತ್ ಸಿಂಗ್, ಬಾಯಲ್ಲಿ ಕತ್ತಿ ಕಚ್ಚಿಕೊಂಡು ಆಂಟೋನಿಯೊ ಇನೋಕಿಯ ಮೇಲೆ ಎರಗುತ್ತಿದ್ದ. ಅದೇ ಮನುಷ್ಯನ ಹೆಸರಿನಲ್ಲಿ ಇಂದು ಕೆನಡಾದ ಮಿಲ್ಟನ್ ಪಟ್ಟಣದಲ್ಲಿ ಒಂದು ಶಾಲೆಯಿದೆ. ನಮ್ಮ ದೇಶದ ಲೆಕ್ಕವೂ ಬೇರೆಯಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ದಾರಾ ಸಿಂಗ್ ಅವರ ಎದುರು ನಿಂತ ದೈತ್ಯ ಕಿಂಗ್ ಕಾಂಗ್, ಹಂಗೇರಿ ಮೂಲದ ಎಮಿಲ್ ಜಾಯಾ. ಅವನು ಕೆಳಗೆ ಬಿದ್ದಾಗಲೆಲ್ಲ ಹೊಸ ಸ್ವಾತಂತ್ರ್ಯದ ಭಾರತ ಎದ್ದು ನಿಂತಂತೆ ಜನರಿಗೆ ಅನ್ನಿಸುತ್ತಿತ್ತು. ದಾರಾ ಸಿಂಗ್ 1987ರಲ್ಲಿ ದೂರದರ್ಶನದ ಹನುಮಂತನಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಈ ಸಾಲಿನಲ್ಲಿ ನನಗೆ ಅತ್ಯಂತ ನೋವು ಕೊಡುವುದು ಐರನ್ ಶೀಕ್‌ನ ಕಥೆ. ಇರಾನಿನ ಹೊಸ್ರೋ ವಜೀರಿ ಅಪ್ಪಟ ಕುಸ್ತಿಪಟು. ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿನ ಒಲಿಂಪಿಕ್ ಕುಸ್ತಿ ತಂಡಕ್ಕೆ ಸಹಾಯಕ ತರಬೇತುದಾರನಾಗಿದ್ದವನು. ನಮ್ಮ ಗರಡಿಗಳಲ್ಲಿರುವಂಥದೇ ಮರದ ಗದೆಗಳನ್ನು ತಂದು, ನನ್ನಂತೆ ಇವನ್ನು ತಿರುಗಿಸಿ ತೋರಿಸಿ ಎಂದು ಸವಾಲು ಹಾಕುತ್ತಿದ್ದ. 1979ರ ನವೆಂಬರ್‌ನಲ್ಲಿ ಟೆಹರಾನ್‌ನ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದರು, 52 ಮಂದಿ 444 ದಿನ ಬಂಧನದಲ್ಲಿದ್ದರು. ಆ ಸಿಟ್ಟೆಲ್ಲ ಇವನ ಮೇಲೆ ಸುರಿಯಿತು. ಅವನು ಅದನ್ನು ಕಸುಬನ್ನಾಗಿ ಮಾಡಿಕೊಂಡ. ತುದಿ ಬಾಗಿದ ಬೂಟು ಮೆಟ್ಟಿ, ಇರಾನೇ ಮೊದಲು ಎಂದು ಕೂಗಿ, ಅಮೆರಿಕದ ಹೆಸರೆತ್ತಿ ಉಗಿಯುತ್ತಿದ್ದ. 1983ರ ಡಿಸೆಂಬರ್ 26ರಂದು ಬಾಬ್ ಬ್ಯಾಕ್‌ಲಂಡ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟ ಪಡೆದ. ನಾಲ್ಕು ವಾರಕ್ಕೆ, 1984ರ ಜನವರಿ 23ರಂದು, ಹಲ್ಕ್ ಹೋಗನ್‌ಗೆ ಒಪ್ಪಿಸಿದ. ಹೋಗನ್ ಎಂಬ ಮಹಾನಾಯಕ ಎದ್ದು ನಿಂತದ್ದು ಈ ಮನುಷ್ಯನ ಬೆನ್ನ ಮೇಲೆ. ಅವನ ಕೌಶಲಕ್ಕೆ ಕೈ ಮುಗಿಯುತ್ತೇನೆ, ಅವನಿಗೆ ಕೊಟ್ಟ ಪಾತ್ರವನ್ನು ಒಪ್ಪಲಾರೆ. ಒಬ್ಬನ ಹುಟ್ಟೂರನ್ನೇ ಅವನ ದುಷ್ಟತನವಾಗಿಸುವ ಕಥೆ ಸೋಮಾರಿ ಕಥೆ. ಪ್ರೇಕ್ಷಕರು ಅದನ್ನು ಸಭಾಂಗಣದಲ್ಲೇ ಬಿಟ್ಟು ಮನೆಗೆ ಹೋಗುವುದಿಲ್ಲ.

ಆ ಅಚ್ಚು ಒಡೆದದ್ದು 2005ರಲ್ಲಿ. ಇಟಲಿ ಮೂಲದ ಅಮೆರಿಕನ್ ಮಾರ್ಕ್ ಕೊಪಾನಿಯನ್ನು ಮಹಮ್ಮದ್ ಹಸನ್ ಎಂಬ ಅರಬ್ ಅಮೆರಿಕನ್ ಮಾಡಿ ನಿಲ್ಲಿಸಿದ್ದರು. ಪಾತ್ರದ ಆರಂಭದ ದೂರು ನ್ಯಾಯವಾದದ್ದೇ ಆಗಿತ್ತು: ನಾನೂ ಇಲ್ಲಿಯವನೇ, ನನ್ನನ್ನೇಕೆ ಅನುಮಾನದಿಂದ ನೋಡುತ್ತೀರಿ ಎಂದು. ಆದರೆ ಮುಸುಕುಧಾರಿಗಳು ಅವನ ಪರವಾಗಿ ಅಂಡರ್‌ಟೇಕರ್‌ನ ಮೇಲೆ ಎರಗುವ ದೃಶ್ಯ ಪ್ರಸಾರವಾದದ್ದು ಜುಲೈ 7ರಂದು, ಲಂಡನ್‌ನಲ್ಲಿ ಬಾಂಬುಗಳು ಸಿಡಿದ ದಿನವೇ. ಸ್ವಲ್ಪ ದಿನಗಳಲ್ಲೇ ಆ ಪಾತ್ರವನ್ನು ಮುಗಿಸಿಬಿಟ್ಟರು. ಮುಂದಿನ ವರ್ಷ ಖಲಿ ಬಂದಾಗ ಪಕ್ಕದಲ್ಲಿ ವ್ಯವಸ್ಥಾಪಕನಾಗಿ ನಿಂತಿದ್ದವನು ಹಸನ್‌ನ ಜೊತೆಗಾರನಾಗಿದ್ದ ದೈವಾರಿಯೇ. ನಮ್ಮ ಜಗಲಿಯ ಚಪ್ಪಾಳೆಯ ಹಿಂದೆ ಇಷ್ಟೆಲ್ಲ ಇತ್ತೆಂದು ನನಗೆ ಅರಿವಾದದ್ದು ಎಷ್ಟೋ ವರ್ಷಗಳ ಮೇಲೆ.

ಇದಕ್ಕಿಂತ ಹಿಂದೆಯೇ ಬೇರೆಯೊಂದು ದಾರಿ ತೆರೆದಿತ್ತು. 1996ರ ಜುಲೈ 7ರಂದು, ಹನ್ನೆರಡು ವರ್ಷ ಮಕ್ಕಳ ಆರಾಧ್ಯನಾಗಿದ್ದ ಹೋಗನ್ ತಾನೇ ಖಳರ ಕಡೆ ಸೇರಿದ. ಪ್ರೇಕ್ಷಕರು ಎಸೆದ ಕಸದಿಂದ ರಿಂಗು ತುಂಬಿಹೋಯಿತು. ಮರುವರ್ಷ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಚಾಂಪಿಯನ್ ಬ್ರೆಟ್ ಹಾರ್ಟ್ ಸೋಲೊಪ್ಪದೇ ಇದ್ದರೂ, ಕುಸ್ತಿ ನಡೆಸುತ್ತಿದ್ದ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಮಾಲೀಕ ವಿನ್ಸ್ ಮೆಕ್‌ಮಹೋನ್ ಗಂಟೆ ಬಾರಿಸಿಸಿ ಅವನಿಂದ ಪಟ್ಟ ಕಿತ್ತುಕೊಂಡ. ಅದು ನಾಟಕವಾಗಿರಲಿಲ್ಲ, ನಿಜವಾದ ವಂಚನೆ. ಜನರ ಆ ಕೋಪವನ್ನೇ ಬಂಡವಾಳ ಮಾಡಿಕೊಂಡು ಅವನು ರಿಂಗಿನಲ್ಲಿ ದುಷ್ಟ ಮಾಲೀಕನಾದ. ಕೋಟು ತೊಟ್ಟ ಖಳನನ್ನು ದ್ವೇಷಿಸಲು ದೂರದ ದೇಶ ಬೇಕಾಗಲಿಲ್ಲ. ಕೆಲಸಕ್ಕೆ ಹೋಗುವ ಪ್ರತಿಯೊಬ್ಬನಿಗೂ ಅವನು ಗೊತ್ತಿದ್ದ. ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಆ ಮಾಲೀಕನನ್ನು ಹೊಡೆದಾಗಲೆಲ್ಲ ಸಭಾಂಗಣ ಹುಚ್ಚೆದ್ದು ಕುಣಿಯುತ್ತಿತ್ತು.

ಈಗಿನ ಪ್ರೇಕ್ಷಕರಿಗೆ ಒಳಗುಟ್ಟೆಲ್ಲ ತಿಳಿದಿದೆ. ಚೆನ್ನಾಗಿ ಬೈಯಿಸಿಕೊಳ್ಳುವವನನ್ನು ಅವರು ಕಲಾವಿದನೆಂದು ಮೆಚ್ಚುತ್ತಾರೆ, ಮೆಚ್ಚಿದ ಮೇಲೆ ದ್ವೇಷ ಉಳಿಯುವುದಿಲ್ಲ. ಖಳನಿಗೆ ಇದಕ್ಕಿಂತ ಕಷ್ಟದ ಕಾಲ ಇನ್ನೊಂದಿಲ್ಲ. ಇಂಥ ಕಾಲದಲ್ಲೂ ಗೆದ್ದವನು ರೋಮನ್ ರೇನ್ಸ್. ನಾಯಕನೆಂದು ಮೆರೆಸಿದಾಗ ಜನ ಅವನನ್ನು ವರ್ಷಗಟ್ಟಲೆ ಧಿಕ್ಕರಿಸಿದ್ದರು. 2020ರ ಆಗಸ್ಟ್‌ನಲ್ಲಿ ಖಳನಾಗಿ ಮರಳಿದ. ಅವನದು ಸಮೋವಾ ಮೂಲದ ದೊಡ್ಡ ಕುಸ್ತಿ ಮನೆತನ. ನಾನೇ ಈ ಮನೆಯ ಯಜಮಾನ, ನನಗೆ ತಲೆಬಾಗಿ ಎಂಬುದಷ್ಟೇ ಅವನ ಮಾತು. ಆ ಅಕ್ಟೋಬರ್‌ನಲ್ಲಿ, ತಮ್ಮನಂಥ ಜೇ ಉಸೋನಿಂದ ಸೋಲೊಪ್ಪಿಸಲು ಅವನ ಒಡಹುಟ್ಟಿದ ಜಿಮ್ಮಿಯ ಕತ್ತು ಹಿಸುಕಿದ. ಅದಕ್ಕೆ ಮುಂಚೆ ಅತ್ತಿದ್ದ, ಕ್ಷಮೆ ಕೇಳಿದ್ದ. ಅಡಿಕೆ ತೋಟದ ಹಿಸೆಯ ಹೊತ್ತಿಗೆ, ಎಲ್ಲ ಮನೆಯ ಒಳ್ಳೆಯದಕ್ಕೇ ಎನ್ನುತ್ತಾ ತಮ್ಮಂದಿರ ಪಾಲು ಹಿಡಿದಿಟ್ಟುಕೊಳ್ಳುವ ಯಜಮಾನರನ್ನು ಶಿರಸಿ ಸಿದ್ದಾಪುರದ ಕಡೆ ಕಂಡವರಿಗೆ ಈ ಕಣ್ಣೀರು ಹೊಸದಲ್ಲ.

ನನ್ನ ಮಟ್ಟಿಗೆ ಒಳ್ಳೆಯ ಖಳನ ಲಕ್ಷಣ ಇದೇ: ತಾನು ಖಳನೆಂದು ಅವನಿಗೆ ಗೊತ್ತಿರಬಾರದು. ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಬರೀ ಮಾತಿನಲ್ಲಿ ಕೌರವನಾಗುವ ಅರ್ಥಧಾರಿ ತನ್ನ ಪಕ್ಷವೇ ನ್ಯಾಯವೆಂದು ವಾದಿಸುತ್ತಾನೆ. ಅವನು ಮೆತ್ತಗಾದರೆ ಕೃಷ್ಣನ ಮಾತೂ ಸಪ್ಪೆಯಾಗುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನೂ ಕೀಚಕನನ್ನೂ ನೋಡಲು ಜನ ರಾತ್ರಿಯಿಡೀ ಗದ್ದೆಯಲ್ಲಿ ಕುಳಿತಿರುತ್ತಿದ್ದುದು ಸುಮ್ಮನೆ ಅಲ್ಲ. ಆ ಪಾತ್ರಗಳಿಗೆ ಆಸೆಯಿತ್ತು, ಉರಿಯಿತ್ತು.

ರೇನ್ಸ್‌ನ ಪಟ್ಟ 1,316 ದಿನ ಉಳಿಯಿತು. ಅವನು ಕೋಡಿ ರೋಡ್ಸ್‌ಗೆ ಸೋತದ್ದು 2024ರ ಏಪ್ರಿಲ್ 7ರ ರಾತ್ರಿ. ನಮಗೆ ಅದು ಮರುದಿನ ಬೆಳಗು, ಯುಗಾದಿಯ ಹಿಂದಿನ ದಿನ. ರಜೆಗೆ ಬಂದಿದ್ದ ಅಕ್ಕನ ಮಗ ನಸುಕಿನಲ್ಲೇ ಎದ್ದು ಮೊಬೈಲ್ ಹಿಡಿದು ಕುಳಿತಿದ್ದ. ಕೊನೆಯಲ್ಲಿ ಅಂಡರ್‌ಟೇಕರ್ ಕೂಡ ಬಂದು ಹೋದ. ರೇನ್ಸ್‌ನ ಕೈಯಲ್ಲಿ ಕುರ್ಚಿಯಿತ್ತು, ಕೋಡಿಗೆ ಹೊಡೆದಿದ್ದರೆ ಗೆಲ್ಲುತ್ತಿದ್ದ. ಆದರೆ ಹತ್ತು ವರ್ಷದ ಹಿಂದೆ ಹಿಂದಿನಿಂದ ಇದೇ ರೀತಿ ಕುರ್ಚಿಯಲ್ಲಿ ಹೊಡೆದು ದ್ರೋಹ ಮಾಡಿದ್ದ ಸೆತ್ ರಾಲಿನ್ಸ್ ಎದುರಿಗಿದ್ದ. ರೇನ್ಸ್ ತಿರುಗಿ ಅವನಿಗೇ ಹೊಡೆದ, ಪಟ್ಟ ಹೋಯಿತು.

ಹುಡುಗ ಮೊಬೈಲ್ ಕೆಳಗಿಟ್ಟು, ಮುಖ ಆಚೆ ತಿರುಗಿಸಿಕೊಂಡು ಅಳುತ್ತಿದ್ದ. "ಅವನು ಕೆಟ್ಟವನಲ್ಲವೇನೋ?" ಎಂದು ಕೇಳಿದೆ. "ಕೆಟ್ಟವನೇ ಮಾವ. ಆದರೆ ಸೇಡು ಬಿಟ್ಟುಬಿಡಲು ಅವನಿಗೆ ಆಗಲಿಲ್ಲ" ಎಂದ.

ಗದಾಯುದ್ಧದ ಆಟ ನೋಡಿ ಬೆಳಗಿನ ಜಾವ ಗದ್ದೆ ಹಾದಿಯಲ್ಲಿ ನಡೆದು ಬರುವಾಗ ನನ್ನ ಅಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ನೆನಪಾಯಿತು. ಅವಳು ಅಳುತ್ತಿದ್ದದ್ದು ಭೀಮನಿಗಾಗಿ ಆಗಿರಲಿಲ್ಲ.